ಕಂಬದಿಂದ ಕಟ್ಟೆಗೆ ಹನ್ನೆರಡು ಹೆಜ್ಜೆ

3-2-2004, ಮಂಗಳವಾರ

ಬೆ. 3, ಸಂ. 2.

ಬೆಳಿಗ್ಗೆ ಎರಡು ಸಲ ಹೊಸಲಿನಲ್ಲಿ, ಒಂದು ಸಲ ಹಿತ್ತಿಲಿನಲ್ಲಿ. ಸಂಜೆ ಎರಡೂ ಕೊಟ್ಟಿಗೆ ಹತ್ತಿರ. ಮೊಣಕೈ ತರಚಿದೆ. ಅಳಲಿಲ್ಲ.

ಬಲಗಾಲು ಇವತ್ತು ಬಹಳ ಬಿಗಿ. ಎಣ್ಣೆ ಹಚ್ಚಿ ಅರ್ಧ ಗಂಟೆ ನೀವಿದೆ. ಬಲಗೈ ಮುಷ್ಟಿ ಬಿಚ್ಚಿತು, ಮತ್ತೆ ಮುಚ್ಚಿಕೊಂಡಿತು. ಮಗಳು ಮೇಘಶ್ರೀಗೆ ಏಳು ತುಂಬಿತು. ಹುಟ್ಟಿದಾಗ ತಡವಾಗಿ ಅತ್ತಳು, ಅದರಿಂದಲೇ ಹೀಗೆ ಅಂದಿದ್ದರು ಡಾಕ್ಟರು. ಗೋಡೆ ಹಿಡಿದರೆ ನಡೆಯುತ್ತಾಳೆ. ಗೋಡೆ ಮುಗಿದಲ್ಲಿ ಬೀಳುತ್ತಾಳೆ.

ಹಾಲಿನ ಕಾರ್ಡಿನ ಹಾಗೆ ಬರೆಯುತ್ತಿದ್ದೇನೆ. ಬೆಳಿಗ್ಗೆಗೆ ಒಂದು ಮನೆ, ಸಂಜೆಗೆ ಒಂದು ಮನೆ. ಕಾರ್ಡಿನಲ್ಲಿ ಲೀಟರು, ಇಲ್ಲಿ ಮೇಘ ಬಿದ್ದದ್ದು. ಹಾಸನದಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ದಿನಕ್ಕೆ ಎಷ್ಟು ಸಲ ಬೀಳುತ್ತಾಳೆ ಎಂದು ಕೇಳಿದ್ದರು. ನನಗೆ ಬಾಯಿ ಬರಲಿಲ್ಲ. ಹೊಸಬರ ಮುಂದೆ ಯಾವಾಗಲೂ ಹೀಗೆಯೇ. ಬರೆದುಕೊಂಡು ಹೋದರೆ ತೋರಿಸಬಹುದು. ಇವರು ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುತ್ತಾರೆ, ವರ್ಷಕ್ಕೊಂದು ಡೈರಿ ಸಿಗುತ್ತದೆ. ಈ ಸಲದ್ದು ನಾನು ಇಟ್ಟುಕೊಂಡೆ. ನಾಲ್ಕನೇ ಕ್ಲಾಸಿನ ಅಕ್ಷರ... ಮೇಡಂ ಲೆಕ್ಕ ನೋಡಿದರೆ ಸಾಕು.

6-2-2004, ಶುಕ್ರವಾರ

ಬೆ. 2, ಸಂ. 3.

ಇವರು ಸೊಸೈಟಿಯಿಂದ ಬರುವಾಗಲೇ ಕಾಗದ ಹಿಡಿದುಕೊಂಡು ಬಂದರು. ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿದ್ದೆವಲ್ಲ, 27ನೇ ತಾರೀಕು ಹಾಸನದಲ್ಲಿ ಡಾಕ್ಟರುಗಳ ಬೋರ್ಡು ನೋಡುತ್ತದಂತೆ.

“ಊನ ಎಷ್ಟು ಪರ್ಸೆಂಟು ಅಂತ ಬರ್ಕೊಡ್ತಾರೆ ಕಣೆ. ನಲವತ್ತು ದಾಟ್ಬೇಕಂತೆ. ನಮ್ ಸೊಸೈಟೀಲಿ ಹಾಲಿನ ಫ್ಯಾಟ್ ನೋಡ್ದಂಗೆ. ಕಮ್ಮಿ ಬಂದ್ರೆ ಕ್ಯಾನ್ ವಾಪಸ್ಸು.”

ನಗಿಸಲು ಹೇಳಿದರು. ನನಗೆ ನಗು ಬರಲಿಲ್ಲ. ಆ ಪಿಂಚಣಿ ಬಂದರೆ, ಬಸ್ ಪಾಸು ಸಿಕ್ಕಿದರೆ, ವಾರಕ್ಕೆ ಎರಡು ಸಲ ವ್ಯಾಯಾಮದ ಮೇಡಂ ಹತ್ತಿರ ಹೋಗಬಹುದು. ಈಗ ಎರಡು ತಿಂಗಳಿಂದ ಹೋಗಿಲ್ಲ. ಎಲುಬು ಬೆಳೆಯುವ ವಯಸ್ಸು, ಈಗಲೇ ಕಾಲು ಬಿಡಿಸದಿದ್ದರೆ ಆಮೇಲೆ ಬಿಡುವುದಿಲ್ಲ ಎಂದಿದ್ದಾರೆ ಅವರು.

ಅತ್ತೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. “ಎಣ್ ಮಗ ಕಣವ್ವ. ನಾಳೆ ದಿನ ಒಬ್ರ ಮನೆ ಸೇರ್ಬೇಕು. ಸರ್ಕಾರದ ಕಾಗ್ದದಲ್ಲೇ ಕುಂಟಿ ಅಂತ ಬರಸ್ಕೊಂಡ್ ಬತ್ತೀಯಾ?”

“ಪಿಂಚಣಿ ಬರ್ಲಿ ಬಿಡವ್ವ” ಅಂದರು ಇವರು.

“ಬರ್ಲಿ, ಯಾರ್ ಬ್ಯಾಡ ಅಂದೋರು? ಆದ್ರೆ ದೊಡ್ಡೋರ ಮುಂದೆ ತೆವಳ್ಕೊಂಡ್ ಓಗ್ಬಾರ್ದು. ಪುಟ್ಟತಾಯಮ್ಮನ ಮೊಮ್ಮಗಳು ಇಂಗೆ ಅಂತ ನಾಕ್ ಜನ ಆಡ್ಕಂಡ್ರೆ ನಾನು ಬಾವಿ ಕಟ್ಟೆಗೆ ಎಂಗ್ ಓಗ್ಲಿ?”

ಅದು ನಿಜ ಅನ್ನಿಸಿತು. ಡಾಕ್ಟರುಗಳು ದೊಡ್ಡವರು. ಅವರ ಮುಂದೆ ಮಗು ನೀಟಾಗಿರಬೇಕು.

9-2-2004, ಸೋಮವಾರ

ಬೆ. 5, ಸಂ. 4.

ಇವತ್ತಿನಿಂದ ಕಲಿಸಲು ಶುರು. ಅಂಗಳದ ಚಪ್ಪರದ ಕಂಬದಿಂದ ತುಳಸಿ ಕಟ್ಟೆಗೆ. ಏನೂ ಹಿಡಿಯದೆ. ನನ್ನ ಹೆಜ್ಜೆಯಲ್ಲಿ ಏಳು, ಅವಳ ಹೆಜ್ಜೆಯಲ್ಲಿ ಹನ್ನೆರಡು. ಮೂರಕ್ಕೆ ಬಿದ್ದಳು. ಎಷ್ಟು ಸಲ ಎತ್ತಿದರೂ “ಇನ್ನೊಂದ್ ಸಲ ಅಮ್ಮ” ಅನ್ನುತ್ತಾಳೆ.

26-2-2004, ಗುರುವಾರ, ಸಂಜೆ

ಬೆ. 1, ಸಂ. 0.

ಹನ್ನೆರಡೂ ಆಯಿತು! ಕಟ್ಟೆ ಮುಟ್ಟಿ ಚಪ್ಪಾಳೆ ತಟ್ಟಲು ಹೋದಳು. ಒಂದು ಕೈ ಮುಷ್ಟಿ, ಒಂದು ಕೈ ಬಿಚ್ಚಿದ್ದು, ಸದ್ದು ಬರಲಿಲ್ಲ. ಅವಳ ಬದಲು ಅತ್ತೆ ತಟ್ಟಿದರು.

ಕಟ್ಟೆಯಿಂದ ವಾಪಸ್ಸು ತಿರುಗಲು ಬರುವುದಿಲ್ಲ. ತಿರುಗಿದರೆ ಬಲಗಾಲು ಎಡಗಾಲಿಗೆ ಸಿಕ್ಕಿಕೊಂಡು ಬೀಳುತ್ತಾಳೆ. ಇರಲಿ. ಡಾಕ್ಟರು ಅಷ್ಟೆಲ್ಲ ನೋಡುವುದಿಲ್ಲ.

27-2-2004, ಶುಕ್ರವಾರ

ಬೆ. 0, ಸಂ. 4. (ಸುಸ್ತಾಗಿದ್ದಳು.)

ತಲೆಗೆ ಎರೆದು ಎರಡು ಜಡೆ ಹಾಕಿದೆ, ಕನಕಾಂಬರ ಮುಡಿಸಿದೆ. ಹಬ್ಬದ ಲಂಗ. ಲಂಗ ಉದ್ದ, ಕಾಲು ಕಾಣುವುದಿಲ್ಲ. ಶಾಂತಿಗ್ರಾಮದಲ್ಲಿ ಚನ್ನರಾಯಪಟ್ಟಣದಿಂದ ಬರುವ ಬಸ್ಸು ಹತ್ತಿ ಹಾಸನಕ್ಕೆ ಹೋದೆವು. ಅಲ್ಲಿ ನೂರಾರು ಜನ ಸಾಲಿನಲ್ಲಿ. ನಮ್ಮ ಸರದಿ ಬಂದಾಗ ಎರಡು ಗಂಟೆ. ಮೂವರು ಡಾಕ್ಟರು, ಊಟಕ್ಕೂ ಎದ್ದಿರಲಿಲ್ಲ ಪಾಪ.

“ನಡಿ ಮಗು, ನೋಡೋಣ.”

ಮೇಘ ನನ್ನ ಕೈ ಬಿಟ್ಟಳು. ಬಾಗಿಲಿನಿಂದ ಮೇಜಿನವರೆಗೆ, ನಗುನಗುತ್ತಾ. ಹನ್ನೊಂದು ಹೆಜ್ಜೆ. ಮೇಜು ಹಿಡಿದುಕೊಂಡು ನಿಂತಳು. ವಯಸ್ಸಾದ ಡಾಕ್ಟರು “ವೆರಿ ಗುಡ್” ಅಂದರು. ಮನೆಯಲ್ಲಿ ಹೇಗೆ ಎಂದು ಕೇಳಿದರು. ಹೀಗೆಯೇ ಎಂಬಂತೆ ತಲೆ ಆಡಿಸಿದೆ. ಡೈರಿ ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಬಾಗಿಲಿಗೆ ಬರುವಾಗ ನಾನೇ ಎತ್ತಿಕೊಂಡೆ.

ಬಸ್ಸಿನಲ್ಲಿ “ನಾನ್ ಪಾಸಾದ್ನಾ ಅಮ್ಮ?” ಅಂದಳು.

19-4-2004, ಸೋಮವಾರ

ಬೆ. 3, ಸಂ. 3.

ತಾಲ್ಲೂಕು ಆಫೀಸಿನಿಂದ ಕಾಗದ ಬಂತು. ಇವರು ಓದಿದರು. ಆಮೇಲೆ ನಾನು ಓದಿದೆ. ಮೂವತ್ತೈದು. ಅರ್ಜಿ ತಿರಸ್ಕರಿಸಲಾಗಿದೆ.

“ಮೂವತ್ತೈದು” ಅಂದರು ಇವರು. “ಐದು ಕಮ್ಮಿ. ಪಾಯಿಂಟ್ ಎರಡು ಕಮ್ಮಿ ಬಂದ್ರೂ ನಾನು ಹಾಲು ವಾಪಸ್ ಕಳಿಸ್ತೀನಿ. ಇವತ್ತು ಗೊತ್ತಾಯ್ತು ಕಣೆ ಅದು ಎಂಗಿರ್ತದೆ ಅಂತ.”

20-4-2004

ಬೆ. 2, ಸಂ. 4.

ಬೋರ್ಡಿನಲ್ಲಿ ನಮ್ಮ ಮುಂದೆ ಒಬ್ಬಳು ತನ್ನ ಮಗನನ್ನು ಹರಿದ ಚಡ್ಡಿಯಲ್ಲೇ, ಮಣ್ಣು ಮೆತ್ತಿದ ಮೊಣಕಾಲಿನಲ್ಲೇ ತಂದಿದ್ದಳು. ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ, ಎಂಥ ತಾಯಿ ಎಂದು.

ಅವಳು ಬುದ್ಧಿವಂತೆ.

ಅತ್ತೆ ಇವತ್ತು ಮೇಘಳಿಗೆ ಎಣ್ಣೆ ತಾವೇ ನೀವಿದರು.

14-6-2004, ಸೋಮವಾರ

ಬೆ. 4, ಸಂ. 2.

ಹಾಸನದ ಕೋರ್ಟಿನಲ್ಲಿ ಬಡವರಿಗೆ ಉಚಿತ ವಕೀಲರು ಸಿಗುತ್ತಾರೆ ಎಂದು ಸೊಸೈಟಿ ಸೆಕ್ರೆಟರಿ ಗಂಗಾಧರಯ್ಯ ಹೇಳಿದ್ದರು. ಹೋದೆವು. ನಮಗೆ ಸಿಕ್ಕಿದವರು ಸರಸ ಅಂತ. ಹೊಳೆನರಸೀಪುರದವರಂತೆ. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಕರಿ ಕೋಟಿನ ಕೆಳಗೆ ಹವಾಯಿ ಚಪ್ಪಲಿ.

“ಹೇಳಿ ಯಶೋದಮ್ಮ. ಮನೇಲಿ ಮಗು ಹೇಗಿರತ್ತೆ?”

ನಾನು ಚೀಲದ ಹಿಡಿ ನೋಡುತ್ತಾ ಕುಳಿತೆ.

“ಅವಳು ಇಂಗೇ ಮೇಡಮ್ಮೋರೆ” ಅಂದರು ಇವರು. “ನನ್ ಕೂಡೆ ಮಾತಾಡೋಕೇ ಆರ್ ತಿಂಗ್ಳು ತಗಂಡ್ಳು. ಈಗ ನಿಲ್ಸಾದೇ ಕಷ್ಟ.”

ಮೇಡಂ ನಕ್ಕರು. ನಾನು ನಾಚಿಕೆಯಿಂದ ಚೀಲದಲ್ಲಿ ಕೈ ಹಾಕಿ ಡೈರಿ ಕೊಟ್ಟುಬಿಟ್ಟೆ. ಎಷ್ಟು ಸಲ ಬೀಳುತ್ತಾಳೆ ಎಂಬುದನ್ನಷ್ಟೇ ನೋಡುತ್ತಾರೆ ಅಂದುಕೊಂಡೆ. ಅವರು ಮೊದಲಿಂದ ಓದತೊಡಗಿದರು. ಒಂದೊಂದೇ ಹಾಳೆ. ನನಗೆ ಬೆವರು.

“ಅಮ್ಮಾ, ಇದು ಬಂಗಾರ ಕಣ್ರಿ. ಬಾಯಲ್ಲಿ ಹೇಳೋಕೆ ಆಗದಿದ್ರೆ ಏನಂತೆ, ಬರೆದಿದೀರಲ್ಲ. ದಿನಾ, ಎರಡು ಹೊತ್ತು. ಇದನ್ನ ಕೋರ್ಟಿಗೆ ಕೊಡೋಣ. ಆ ತಿರಸ್ಕಾರ ರದ್ದು ಮಾಡಿ, ಬೋರ್ಡು ಇನ್ನೊಂದು ಸಲ ನೋಡಲಿ ಅಂತ ಕೇಳೋಣ.”

“ಫೆಬ್ರವರೀದು... ಆ ಹಾಳೆಗಳು...” ಅಂದೆ. ಅಷ್ಟೇ ಬಂತು ಬಾಯಲ್ಲಿ.

ಅವರಿಗೆ ಅರ್ಥವಾಯಿತು. “ಒಂದು ಹಾಳೆ ಹರಿದ್ರೂ ಇಡೀ ಪುಸ್ತಕ ಸುಳ್ಳಾಗತ್ತೆ. ಒಳ್ಳೇದು ಕೆಟ್ಟದ್ದು ಎಲ್ಲಾ ಹಾಗೇ ಇರಲಿ. ಇವತ್ತಿಂದ್ಲೂ ಬರೀತಾ ಇರಿ.”

15-6-2004

ಬೆ. 2, ಸಂ. 2.

ಈಗ ಬರೆಯಲು ಕೈ ಏಳುತ್ತಿಲ್ಲ. ಒಂದೊಂದು ಹೊತ್ತಿಗೂ ನಿಜಕ್ಕೂ ಎರಡೇ ಸಲ ಬಿದ್ದಳು. ಎರಡು ಕಡಿಮೆ ಆಯಿತೇನೋ ಎಂದು ಬರೆಯುವಾಗ ಅನ್ನಿಸಿತು. ಹಾಗೆ ಅನ್ನಿಸಬಾರದು. ಎರಡೇ.

6-9-2004, ಸೋಮವಾರ

ಬೆ. 7, ಸಂ. 6.

ಮೂರು ದಿನದಿಂದ ಹೀಗೆ. ಮಂಡಿಯಲ್ಲಿ ರಕ್ತ. ಕಾಲು ಹೆಚ್ಚು ಕೆಟ್ಟಿತೇ? ಅಥವಾ ಕಣ್ಣು? ಜ್ವರವಿಲ್ಲ. ಕೇಳಿದರೆ “ಏನಿಲ್ಲ” ಅನ್ನುತ್ತಾಳೆ. ಹೆದರಿಕೆ. ಕೋರ್ಟಿನಲ್ಲಿ ಇದನ್ನು ನಂಬುತ್ತಾರೆಯೇ? ಕೇಸು ಹಾಕಿದ ಮೇಲೆ ಹೆಚ್ಚು ಬಿದ್ದಳು ಅನ್ನುವುದಿಲ್ಲವೇ?

8-9-2004, ಬುಧವಾರ

ಬೆ. 6. ಸಂಜೆಯದು ಕೊಟ್ಟಿಗೆ ಹಿಂದೆ, ಎಣಿಸಲಾಗಲಿಲ್ಲ.

ಹಸುವಿಗೆ ಹುಲ್ಲು ಹಾಕಲು ಹೋದೆ. ಕೊಟ್ಟಿಗೆ ಹಿಂದೆ ದಪ್ ಎಂದು ಸದ್ದು. ಮತ್ತೆ ಸದ್ದು. ಇಣುಕಿದೆ. ಹುಲ್ಲಿನ ಮೆದೆಯಿಂದ ಗೊಬ್ಬರದ ಗುಂಡಿಯ ಕಲ್ಲಿನವರೆಗೆ ನಡೆಯುತ್ತಿದ್ದಾಳೆ. ಬಾಯಲ್ಲಿ ಎಣಿಕೆ. ಹದಿನಾಲ್ಕಕ್ಕೆ ಬಿದ್ದಳು. ತೆವಳಿಕೊಂಡು ಮೆದೆಗೆ ಹೋದಳು, ಮತ್ತೆ ಒಂದರಿಂದ.

“ಏನೇ ಇದು?”

“ಜಡ್ಜು ಮುಂದೆ ಇಪ್ಪತ್ತು ನಡೀತೀನಿ ಅಮ್ಮ.”

“ಯಾಕೆ?”

“ಅವತ್ತು ಅನ್ನೊಂದೇ ನಡ್ದೆ. ಅನ್ನೆರಡು ಇತ್ತು. ಒಂದು ಕಮ್ಮಿ ಆಯ್ತು. ಅದಕ್ಕೇ ತಾನೆ ಡಾಕ್ಟ್ರು ಫೇಲ್ ಮಾಡಿದ್ದು?”

ಕೂತುಬಿಟ್ಟೆ. ನಿನ್ನದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು ಎಂದು ಹೇಗೆ ಹೇಳುವುದು? ಚೆನ್ನಾಗಿ ನಡೆದದ್ದಕ್ಕೆ ಕೊಡಲಿಲ್ಲ ಎಂದರೆ ನಾಳೆಯಿಂದ ಏನು ಮಾಡುತ್ತಾಳೆ? ನಡೆಯಬೇಡ ಎಂದು ನಾನೇ ಹೇಳಲೇ?

ಮಂಡಿ ತೊಳೆದೆ.

12-9-2004, ಭಾನುವಾರ

ಬೆ. 4, ಸಂ. 5.

ನಾಳೆ ಡೈರಿ ಕೋರ್ಟಿಗೆ. ಇಲ್ಲಿ ಬರೆಯುವುದು ಇದೇ ಕೊನೆ. ಜಡ್ಜ್ ಅವರೇ, ನೀವು ಇದನ್ನು ಓದಿದರೆ... ಏನು ಬರೆಯಬೇಕೋ ತಿಳಿಯುತ್ತಿಲ್ಲ. ಅಕ್ಷರ ಚೆನ್ನಾಗಿಲ್ಲ. ಲೆಕ್ಕ ಸರಿಯಾಗಿದೆ.

28-9-2004, ಮಂಗಳವಾರ

ಬೆ. 3, ಸಂ. 3.

ಇದು ಮೇಘಳ ಹಳೆಯ ಕಾಪಿ ಪುಸ್ತಕ. ಹಿಂದಿನ ಹಾಳೆಗಳು ಖಾಲಿ ಇವೆ.

ನಾಳೆ ಸಾಕ್ಷಿ ಹೇಳಬೇಕು. ಅನ್ನ ಇಳಿಯಲಿಲ್ಲ. ಅತ್ತೆ ಮೇಘಳ ಹಬ್ಬದ ಲಂಗ ತೆಗೆದಿಟ್ಟಿದ್ದರು. ಆಮೇಲೆ ತಾವೇ ಪೆಟ್ಟಿಗೆಯಲ್ಲಿ ಹಾಕಿ, ದಿನಾ ಹಾಕುವ ಫ್ರಾಕು ತಂದಿಟ್ಟರು. “ಇದೇ ಆಕು. ಕಾಲು ಕಾಣ್ಲಿ” ಅಂದರು. ಕಣ್ಣು ಒರೆಸಿಕೊಂಡರು.

29-9-2004, ಬುಧವಾರ, ಸಂಜೆ 7

ಎಲ್ಲವನ್ನೂ ಬರೆಯಬೇಕು. ಈಗಲೇ.

ಜಡ್ಜ್ ಹೆಂಗಸು. ಕನ್ನಡಕ. ನನ್ನನ್ನು ಕಟಕಟೆಗೆ ಕರೆದರು. ಸರಸ ಮೇಡಂ ಕೇಳಿದ್ದಕ್ಕೆಲ್ಲ ಹೂಂ, ಉಹೂಂ ಅಂದೆ. ಆಮೇಲೆ ಸರ್ಕಾರಿ ವಕೀಲರು ಎದ್ದರು. ಗಟ್ಟಿಯಾಗಿ ಮಾತಾಡಲಿಲ್ಲ, ಸಮಾಧಾನವಾಗಿಯೇ ಕೇಳಿದರು.

“ಈ ಅಕ್ಷರ ನಿಮ್ಮದೇನಮ್ಮ?”

“ಹೂಂ.”

“ಫೆಬ್ರವರಿ ಒಂಬತ್ತು ಓದಿ.”

ಓದಿದೆ. ಇವತ್ತಿನಿಂದ ಕಲಿಸಲು ಶುರು. ದನಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಓದಿಸಿದರು.

“ಅಂದ್ರೆ, ಬೋರ್ಡಿಗೆ ಅಂತ ನಡೆಯೋದು ಹೇಳಿಕೊಟ್ರಿ. ಕೋರ್ಟಿಗೆ ಅಂತ ಬೀಳೋದು ಹೇಳಿಕೊಟ್ಟಿಲ್ಲ ಅಂತ ನಾವು ಹೇಗಮ್ಮ ನಂಬೋದು? ನೋಡಿ, ಸೆಪ್ಟೆಂಬರ್‌ನಲ್ಲಿ ಏಳು, ಆರು... ಕೇಸು ಹತ್ರ ಬಂದ ಹಾಗೆ ಜಾಸ್ತಿ ಆಗಿದೆ.”

ನನಗೆ ಉತ್ತರ ಗೊತ್ತಿತ್ತು. ಬಾಯಿ ಬರಲಿಲ್ಲ. ಆಗ ಹಿಂದಿನ ಬೆಂಚಿನಿಂದ, ಅವಳ ಅಪ್ಪನ ತೊಡೆ ಮೇಲಿಂದ, ಮೇಘಳ ದನಿ:

“ಬೀಳೋದ್ನ ಯಾರಾದ್ರೂ ಏಳ್ಕೊಡ್ತಾರಾ?”

ಕೋರ್ಟೆಲ್ಲ ನಕ್ಕಿತು. ಸರ್ಕಾರಿ ವಕೀಲರೂ ನಕ್ಕರು. ಜಡ್ಜ್ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಅವಳನ್ನು ನೋಡಿದರು. “ಬಾ ಮಗು ಇಲ್ಲಿ” ಅಂದರು.

ಇವರು ಎತ್ತಿಕೊಳ್ಳಲು ಹೋದರು. “ಬ್ಯಾಡ, ನಾನೇ ಓಯ್ತೀನಿ.” ಇಳಿದಳು. ಎರಡು ಬೆಂಚುಗಳ ನಡುವೆ ಬಂದಳು. ಗಿಡ್ಡ ಫ್ರಾಕು, ಬಲಗಾಲಿನ ತುದಿಬೆರಳು ಮಾತ್ರ ನೆಲಕ್ಕೆ, ಮುಷ್ಟಿ ಎದೆಗೆ. ತುಟಿ ಅಲ್ಲಾಡುತ್ತಿತ್ತು. ನಾನೂ ಎಣಿಸಿದೆ. ಹತ್ತು. ಹದಿನೈದು. ಇಪ್ಪತ್ತು ಹೆಜ್ಜೆ! ಜಡ್ಜ್ ಮುಂದಿನ ಕಟ್ಟಿಗೆಯ ಕಂಬಿ ಹಿಡಿದು ನಿಂತು ನನ್ನ ಕಡೆ ನೋಡಿ ನಕ್ಕಳು. ನನಗೆ ಖುಷಿಯಾಯಿತು. ನಿಜವಾಗಿ ಆಯಿತು. ಆಮೇಲೆ ಆ ಮೂವತ್ತೈದು ನೆನಪಾಯಿತು. ಎಲ್ಲಾ ಮುಗಿಯಿತು ಅಂದುಕೊಂಡೆ.

ಜಡ್ಜ್ ಡೈರಿಯನ್ನು ಹಿಂದಕ್ಕೆ, ಫೆಬ್ರವರಿಯ ಒಂದು ಹಾಳೆಗೆ ತಿರುವಿದರು. ಓದಿದರು. ಮೆಲ್ಲಗೆ ಅಂದರು, “ಜಾಣೆ. ಈಗ ಅಪ್ಪನ ಹತ್ರ ವಾಪಸ್ ಹೋಗು.”

ಮೇಘ ನಿಂತೇ ಇದ್ದಳು. ಕಂಬಿ ಬಿಡಲಿಲ್ಲ.

“ಹೋಗು ಮಗು.”

ನನ್ನನ್ನು ನೋಡಿದಳು. ಕಟಕಟೆಯಿಂದ ಅವಳಿಗೆ ಒಂದೂವರೆ ಮೊಳ. ಕೈ ಚಾಚಿದರೆ ಸಿಗುತ್ತಿದ್ದಳು. ಸರಸ ಮೇಡಂ ನನ್ನ ಕಡೆಯೇ ನೋಡುತ್ತಿದ್ದರು. ತಲೆ ಅಲ್ಲಾಡಿಸಿದರು — ಬೇಡ.

ಕಂಬಿ ಬಿಟ್ಟಳು. ತಿರುಗಿದಳು. ಬಲಗಾಲು ಸಿಕ್ಕಿಕೊಂಡಿತು.

ಕೋರ್ಟಿನ ನೆಲ ಕಲ್ಲು. ಗಲ್ಲ ಬಡಿಯಿತು. ಆ ಸದ್ದು...

ನಾನು ಕೈ ಚಾಚಲಿಲ್ಲ. ಬೀಳುತ್ತಾಳೆಂದು ಗೊತ್ತಿತ್ತು. ಬೀಳಲಿ ಎಂದು ನಿಂತಿದ್ದೆ.

ಅವಳು ಅಳಲಿಲ್ಲ. ನೆಲದಿಂದಲೇ ನನ್ನನ್ನು ನೋಡಿದಳು. ಇವರು ಓಡಿಬಂದು ಎತ್ತಿಕೊಂಡರು.

ಬಸ್ಸಿನಲ್ಲಿ ಶಾಂತಿಗ್ರಾಮ ಬಂದಾಗ ಕೇಳಿದಳು, “ಅಮ್ಮ, ನಿಂಗೆ ಗೊತ್ತಿತ್ತಲ್ವಾ ನಂಗೆ ತಿರುಗೋಕೆ ಬರಲ್ಲ ಅಂತ?”

30-9-2004

ಬೆ. 0, ಸಂ. 0.

1-10-2004

ಬೆ. 0, ಸಂ. 0.

6-10-2004, ಬುಧವಾರ

ಬೆ. 0, ಸಂ. 0.

ಮೊದಲು ಬಿದ್ದದ್ದು ಬರೆಯುವಾಗ ಹೆದರಿಕೆ. ಈಗ ಈ ಸೊನ್ನೆ ಬರೆಯುವಾಗ. ಏಳುವುದೇ ಇಲ್ಲ. ಚಾಪೆ ಮೇಲೆ ಕೂರುತ್ತಾಳೆ, ಎತ್ತಿಕೊಂಡು ಹೋದ ಕಡೆ ಇರುತ್ತಾಳೆ. ಅತ್ತೆ ಹುರಿಗಡಲೆ ತೋರಿಸಿ ದೂರದಿಂದ ಕರೆದರು.

“ಬಾರೇ ನನ್ ಬಂಗಾರಿ. ನಾಕೇ ಎಜ್ಜೆ.”

“ನೀನೇ ತಂದ್ಕೊಡಜ್ಜಿ. ನಂಗ್ ಆಗಲ್ಲ ಅಂತ ಕೋರ್ಟಲ್ಲೇ ಎಲ್ರೂ ನೋಡಿಬಿಟ್ರು.”

ಅತ್ತೆ ತಂದುಕೊಟ್ಟರು.

9-11-2004, ಮಂಗಳವಾರ

ಬೆ. 0, ಸಂ. 0.

ಗೆದ್ದೆವಂತೆ. ಸರಸ ಮೇಡಂ ಸೊಸೈಟಿ ಫೋನಿಗೆ ಮಾಡಿದ್ದರು, ಇವರು ಓಡಿಬಂದು ಹೇಳಿದರು. ತಾಲ್ಲೂಕು ಆಫೀಸಿನ ಆದೇಶ ರದ್ದು. ಬೋರ್ಡು ಮತ್ತೆ ನೋಡಬೇಕು. ಬರೀ ನಡಿಗೆಯನ್ನಲ್ಲ, ಏಳುವುದು, ಕೂರುವುದು, ತಿರುಗುವುದು, ಕೈ, ಎಲ್ಲವನ್ನೂ. ಪಿಂಚಣಿ ಕೊಡಿ ಎಂದು ಕೋರ್ಟು ಹೇಳಿಲ್ಲ. ಅದು ಬೋರ್ಡಿನ ಕೈಯಲ್ಲಿದೆ. ಮತ್ತೆ ನಲವತ್ತು. ಡಿಸೆಂಬರ್ 10ಕ್ಕೆ.

ಮೇಘಳಿಗೆ ಹೇಳಿದೆ. “ಊಂ” ಅಂದಳು.

25-11-2004, ಗುರುವಾರ

ಬೆ. 0, ಸಂ. 0.

ಕಾಲು ಮರದ ಹಾಗಾಗಿದೆ. ಎಣ್ಣೆಗೂ ಬಗ್ಗುತ್ತಿಲ್ಲ. ನೀವುವಾಗ ಒಂದು ಯೋಚನೆ ಬಂತು. ಇನ್ನು ಹದಿನೈದು ದಿನ ಹೀಗೇ ಇದ್ದರೆ ನಲವತ್ತು ಖಂಡಿತ ದಾಟುತ್ತದೆ. ಐವತ್ತೂ ಬರಬಹುದು. ಇರಲಿ, ಅಲ್ಲಿಯ ತನಕ ಎಬ್ಬಿಸುವುದು ಬೇಡ ಎಂದು...

ಬರೆದುಬಿಟ್ಟೆ. ಈ ಪುಸ್ತಕವನ್ನು ಯಾರಿಗೂ ಕೊಡುವುದಿಲ್ಲ.

26-11-2004

ಬೆ. 0, ಸಂ. 0.

ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಅವಳ ಪಕ್ಕ ಕುಳಿತು ಹೇಳಿದೆ. ಎಲ್ಲವನ್ನೂ. ನೀನು ಫೇಲ್ ಆಗಲಿಲ್ಲ, ಚೆನ್ನಾಗಿ ನಡೆದೆ, ಚೆನ್ನಾಗಿ ನಡೆದದ್ದಕ್ಕೇ ಕೊಡಲಿಲ್ಲ, ಕಲಿಸಿದ್ದು ನಾನು. ಕೋರ್ಟಿನಲ್ಲಿ ಕೈ ಚಾಚದೆ ನಿಂತದ್ದೂ ನಾನೇ. ಒಂದೇ ಉಸಿರಿನಲ್ಲಿ ಹೇಳಿದೆ. ಇಷ್ಟು ಮಾತು ನಾನು ಯಾರ ಹತ್ತಿರವೂ ಆಡಿಲ್ಲ.

ಬಲಗೈ ಮುಷ್ಟಿಯನ್ನು ಎಡಗೈಯಿಂದ ಬಿಡಿಸುತ್ತಾ ಕೂತಳು. ಆಮೇಲೆ, “ಅಂಗಾದ್ರೆ ಈ ಸಲ ನಡೀಬೇಕಾ, ಬೀಳ್ಬೇಕಾ?”

“ನಿಂಗೆ ಎಂಗ್ ಬತ್ತದೋ ಅಂಗೆ.”

“ಎಂಗ್ ಬತ್ತದೆ ಅಂತ ನಂಗೆ ಮರ್ತೋಗದೆ ಅಮ್ಮ.”

10-12-2004, ಶುಕ್ರವಾರ, ಬೆಳಿಗ್ಗೆ 6

ಎಂಟೂವರೆ ಬಸ್ಸಿಗೆ ಹೋಗಬೇಕು. ಇವರು ಸೊಸೈಟಿಯಲ್ಲಿ ಹಾಲು ಅಳೆದು ನೇರ ಬಸ್ ಸ್ಟಾಪಿಗೆ ಬರುತ್ತಾರೆ. ಫ್ರಾಕು ಒಣಗಿದೆ. ಹೂವು ಬೇಡ. ಕೋರ್ಟಿನ ಕಾಗದ ಚೀಲದಲ್ಲಿದೆ, ಮೂರು ಸಲ ನೋಡಿದೆ.

ಎಬ್ಬಿಸಲು ಹೋದೆ. ಚಾಪೆ ಮೇಲೆ ಇರಲಿಲ್ಲ. ಗೋಡೆಯ ಮೇಲೆ ಎಣ್ಣೆ ಕೈಯ ಗುರುತು, ಬಾಗಿಲಿನ ತನಕ.

ಅಂಗಳದಲ್ಲಿ ಸದ್ದು.

ಬೆ. 1.

ಎರಡೂವರೆ ತಿಂಗಳಾದ ಮೇಲೆ ಒಂದು. ಕಿಟಕಿ ಹತ್ತಿರ ನಿಂತೇ ಬರೆಯುತ್ತಿದ್ದೇನೆ. ತುಳಸಿ ಕಟ್ಟೆ ಹಿಡಿದು ಎದ್ದಿದ್ದಾಳೆ. ಕಂಬದ ಕಡೆಯಿಂದ ಬಂದಿದ್ದಾಳೆ, ಈಗ ಕಂಬದ ಕಡೆಗೇ ಮುಖ ಮಾಡಲು ನೋಡುತ್ತಿದ್ದಾಳೆ.

ಬೆ. 2.

ಅತ್ತೆ ಜಗಲಿಯಲ್ಲಿ ನಿಂತಿದ್ದಾರೆ. ನನ್ನ ಕಡೆ ನೋಡಿದರು. ನಿಲ್ಲಿಸಲೇ ಎಂದು ಕಣ್ಣಿನಲ್ಲೇ ಕೇಳುತ್ತಿದ್ದಾರೆ. ಇವತ್ತೊಂದು ದಿನ ತಿರುಗಲು ಬರದೇ ಇದ್ದರೆ ಸಾಕು. ಇವತ್ತೊಂದೇ ದಿನ. ನಾಳೆ ಬೇಕಾದರೆ ಕಲಿಯಲಿ... ಕರೆಯಲೇ?

ಕರೆಯಬೇಕು ಎಂದು ಬಾಯಿ ತೆರೆದೆ.

ಎಡಗಾಲು ಮೊದಲು ಇಟ್ಟಳು. ಇದುವರೆಗೆ ಹಾಗೆ ಮಾಡಿರಲಿಲ್ಲ. ಕಟ್ಟೆಯಿಂದ ಒಂದು ಬೆರಳು ತೆಗೆದಳು. ಇನ್ನೊಂದು. ಬಲಗಾಲು ಎಳೆಯುತ್ತಿದ್ದಾಳೆ. ಸಿಕ್ಕಿಕೊಳ್ಳಲಿಲ್ಲ. ಕಟ್ಟೆ ಬಿಟ್ಟಳು. ನಿಲ್ಲಿಸಬೇಡಿ ಎಂದು ಅತ್ತೆಗೆ ತಲೆ ಅಲ್ಲಾಡಿಸಿದೆ. ಈಗ ಮುಖ ಪೂರ್ತಿ ಕಂಬದ ಕಡೆ —